ಎರಡು ಮೊಲದ ದಪ್ಪಕ್ಷರ

ನಮ್ಮ ಕಾಕಾ ದೇವರ ಹೆಸರಿಗೂ ಅಷ್ಟು ಮಸಿ ಸುರಿದವರಲ್ಲ. ಹೊಲಿಗೆ ಯಂತ್ರದ ಹೆಸರು ಬಂತೋ, ದೌತಿಯೇ ಖಾಲಿ!

ನಿಜಾಮರ ಕಾಲ. ಕಾಸಾರಶಿರಸಿಯ ಪೇಟೆಯಲ್ಲಿ ಒಬ್ಬ ಸಾವಕಾರರ ಅಂಗಡಿಗೆ ಕಾಕಾ ಕಾರಕೂನ. ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ ಆಗತಾನೆ ಬಂದಿತ್ತು. ಕೊಂಡವರಿಗೆ ಅದನ್ನು ಬಳಸುವ ಬಗೆಯನ್ನು ಕಾಕಾ ಒಂದು ಹಾಳೆಯಲ್ಲಿ ಬರೆದುಕೊಡುತ್ತಿದ್ದರು. ಸೂಜಿ, ದಾರ, ಗಾಲಿ ಎಲ್ಲ ಇರುವೆ ಸಾಲಿನಂತೆ ಸಣ್ಣಗೆ. ‘ಎರಡು ಮೊಲದ ಛಾಪು’ ಎಂಬ ಹೆಸರು ಬಂದಲ್ಲೆಲ್ಲ ಮಾತ್ರ ಕೆಂಪು ಮಸಿ, ಹೆಬ್ಬೆರಳಿನಷ್ಟು ದಪ್ಪ ಅಕ್ಷರ! ಇರುವೆಗಳಿಗೆ ಜಾಗವೆಲ್ಲಿ?

"ಇಷ್ಟ ದೊಡ್ಡದ ಯಾಕ್ರೀ ಕಾಕಾ?" ಎಂದು ಕೇಳಿದೆ.

"ಸೂಜಿ ಎಲ್ಲಾರ ಮನ್ಯಾಗೂ ಅದ, ಗೌರೀ. ಹೆಸರು ಹಂಗಲ್ಲ. ಯಾರೋ ಕುಂತು ವಿಚಾರ ಮಾಡಿ ಇಟ್ಟಾರ. ಅವರ ಮಾನ ನಾ ಸಣ್ಣದು ಮಾಡ್ಲೇನು?"

ಹುಚ್ಚೆಂದರೆ ಹುಚ್ಚು. ಆದರೂ ಕೆಲಸದಲ್ಲಿ ಅಂಥವರು ಉದಗೀರದಂಥ ದೊಡ್ಡ ಪೇಟೆಯಲ್ಲೂ ಸಿಗಲಿಕ್ಕಿಲ್ಲ. ಬರೆದದ್ದನ್ನು ಮೊದಲು ನನಗೆ ಓದಿ ಹೇಳುತ್ತಿದ್ದರು. ನನ್ನ ಕೈಯಲ್ಲಿ ಯಂತ್ರ ಓಡಿದರೆ ಮಾತ್ರ ಹಾಳೆ ಅಂಗಡಿ ದಾಟುತ್ತಿತ್ತು. "ಅಕ್ಷರ ಬಾರದ ನಿನಗ ತಿಳೀತಂದ್ರ ಊರಿಗೇ ತಿಳೀತು!" ಎನ್ನುತ್ತಿದ್ದರು. ಇದು ಹೊಗಳಿಕೆಯೋ ಬೈಗುಳವೋ?

ಒಂದು ಯಂತ್ರ ಗುಂಜೋಟಿಯ ಒಕ್ಕಲು ಮನೆಗೆ ಹೋಯಿತು. ಕೆಂಪು ದಪ್ಪಕ್ಷರ ನೋಡಿ ಅವರು ಅದನ್ನು ದೇವರ ಹೆಸರೆಂದೇ ತಿಳಿದರು. ಹಾಳೆಯನ್ನು ದೇವರ ಜಗಲಿಯ ಮೇಲಿಟ್ಟು ದಿನಾ ಮೂರು ಬೆರಳು ವಿಭೂತಿ ಎಳೆದರು. ಎಣ್ಣೆ ಬಿಡಿರಿ ಎಂಬ ಸಾಲು ವಿಭೂತಿಯಡಿ ಸಮಾಧಿ! ಯಂತ್ರ ಬಿಗಿದು ನಿಂತಿತು. ಗಾಡಿಯಲ್ಲಿ ಹೇರಿಕೊಂಡು ಬಂದರು.

"ಪೂಜಿ ಒಂದಿನಾ ತಪ್ಪಿಸಿಲ್ರೀ ಸಾವಕಾರ್ರ, ಆದ್ರೂ ತಿರುಗವಲ್ದು!"

ಸಾವಕಾರರು ಕಾಕಾನ ಕಡೆ ತಿರುಗಿದರು. "ಬಸ್ ಝಾಲಂ, ಸಾಕಿನ್ನ! ನಾಳಿಂದ ಹೆಸರು ಸಣ್ಣದು ಬರೀರಿ. ಇಲ್ಲಾಂದ್ರ ಬ್ಯಾರೆ ಅಂಗಡಿ ನೋಡಕೋರಿ."

ಮನೆಯಲ್ಲಿ ಉಣ್ಣುವ ಬಾಯಿ ಆರು, ದುಡಿಯುವ ಕೈ ಒಂದೇ. ನಾನೇ ಬೈದೆ: "ಕೆಲಸ ಹೋದ್ರ ನಿಮ್ಮ ಮೊಲ ಬಂದು ರೊಟ್ಟಿ ಬಡೀತಾವೇನ್ರೀ?"

ಕಾಕಾ ದೌತಿ ಎಳೆದುಕೊಂಡು ಬರೆಯಲು ಕುಳಿತರು. ಮರುದಿನ ನನ್ನನ್ನೂ ಕರೆದುಕೊಂಡು ಹೋಗಿ ಸಾವಕಾರರ ಮುಂದೆ ಹೊಸ ಹಾಳೆ ಇಟ್ಟರು. ಮೊಲಗಳು ಎಳ್ಳಷ್ಟೂ ಸೊರಗಿರಲಿಲ್ಲ! ಕೆಳಗೆ ಒಂದು ಸಾಲು ಹೆಚ್ಚಾಗಿತ್ತು. ಸಾವಕಾರರು ಗಟ್ಟಿಯಾಗಿ ಓದಿದರು: "ಮನೆಗೆ ಬಂದು ಕಲಿಸುವವರು, ಗೌರವ್ವ." ಅದೇ ಕೆಂಪು, ಅದೇ ದಪ್ಪ.

"ಇದ್ಯಾವ ಕಂಪನಿ ಹೋ?"

"ನಮ್ಮಣ್ಣನ ಮಗಳ್ರೀ. ಇದೂ ವಿಚಾರ ಮಾಡಿ ಇಟ್ಟ ಹೆಸರೇ. ಹಾಳಿ ಓದದವರಿಗೆ ಈಕಿ ಬಾಯಲೆ ಹೇಳ್ತಾಳ."

ಸಾವಕಾರರು ನಕ್ಕುಬಿಟ್ಟರು. ಕಾಕಾನ ಕೆಲಸ ಉಳಿಯಿತು. ನಾನು ಯಂತ್ರದ ಜೊತೆ ಗಾಡಿ ಏರಿ ಗುಂಜೋಟಿಗೆ ಹೋಗಿ ಎಣ್ಣೆ ಬಿಟ್ಟು ಬಂದೆ.

ನನ್ನ ಹೆಸರನ್ನು ಅದುವರೆಗೆ ಯಾರೂ ಎಲ್ಲಿಯೂ ಬರೆದಿರಲಿಲ್ಲ. ನಾನು ಮೊದಲು ಕಲಿತ ಅಕ್ಷರ ಅವೇ ಮೂರು. ಉಳಿದವು ಅವುಗಳ ಬೆನ್ನು ಹಿಡಿದು ಬಂದವು.

ಕಾಕಾ ಹೋಗಿ ಬಹಳ ವರ್ಷವಾಯಿತು. ಆ ಹಾಳೆ ಈಗ ನನ್ನ ಜಗಲಿಯ ಮೇಲಿದೆ. ದಿನಾ ವಿಭೂತಿ ಹಚ್ಚುತ್ತೇನೆ, ನಗುವವರು ನಗಲಿ. ಎಣ್ಣೆಯ ಸಾಲನ್ನು ಮಾತ್ರ ಬಿಟ್ಟು ಹಚ್ಚುತ್ತೇನೆ.