ಅಂಬರನಾಥದವರೆಗೆ ಹೋದ ಮೂಗು

ಮೂಗನ್ನು ನಂಬಿ ಹೊಟ್ಟೆ ಹೊರೆದವನು ನಾನು. ನವಿ ಮುಂಬಯಿಯ ತುರ್ಭೆ ಹತ್ತಿರದ ಒಂದು ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದೆ. ನಮ್ಮ ಸರ್‌ಗೆ ಒಂದೇ ಹುಚ್ಚು. ಇಲಿ ಹುಟ್ಟಿದಾಗಿನಿಂದ ಮುದಿಯಾಗುವವರೆಗೆ ಅದರ ಮೆದುಳಿನ ಎಂಜೈಮುಗಳು ಹೇಗೆ ಏರಿಳಿಯುತ್ತವೆ, ಅದರ ಜೊತೆ ವಾಸನೆ ಹಿಡಿಯುವ ಶಕ್ತಿ ಹೇಗೆ ಬದಲಾಗುತ್ತದೆ ಎಂದು ನೋಡುವುದು. ಇದರಲ್ಲಿ ನಗುವಂಥದ್ದೇನಿದೆ ಎಂದು ಕೇಳಬೇಡಿ, ವಾರಕ್ಕೊಂದಾದರೂ ಆಗುತ್ತಿತ್ತು. ಬಹಳ ಸಲ ನಾವು ದೂರುತ್ತಿದ್ದುದು ಮೂಗನ್ನು. ತಪ್ಪು ಬೇರೆಲ್ಲೋ ಇರುತ್ತಿತ್ತು.

೧. ಮುದುಕರ ಉಪವಾಸ

ಪರೀಕ್ಷೆ ಸರಳ. ಇಲಿಯನ್ನು ಒಂದು ದಿನ ಉಪವಾಸ ಕೆಡವಿ, ಮರುದಿನ ಮರದ ಹೊಟ್ಟಿನಡಿ ಬಿಸ್ಕತ್ತಿನ ಚೂರು ಹೂತಿಡುತ್ತೇವೆ. ಮೂಗು ಚೆನ್ನಾಗಿದ್ದರೆ ಕೆದಕಿ ತಿನ್ನುತ್ತದೆ. ಒಮ್ಮೆ ಮುದಿ ಇಲಿಗಳೆಲ್ಲ ಬಿಸ್ಕತ್ತಿನ ಮೇಲೆಯೇ ಮಲಗಿ ಆಕಳಿಸಿದವು.

"ನೋಡಿದ್ಯಾ, ವಾಸನೆ ಪೂರ್ತಿ ಹೋಗಿದೆ!" ಎಂದು ಸರ್ ಕುಣಿದಾಡಿ ನಾಲ್ಕು ಪುಟ ಬರೆದೂಬಿಟ್ಟರು.

ಒಂದು ಬೆಳಿಗ್ಗೆ ಬೇಗ ಬಂದೆ. ಕಸ ಗುಡಿಸುವ ಕಲಬುರಗಿಯ ಅಕ್ಕ ತನ್ನ ಬುತ್ತಿಯ ಜೋಳದ ರೊಟ್ಟಿ ಮುರಿದು ಪಂಜರದೊಳಗೆ ಹಾಕುತ್ತಿದ್ದಳು.

"ಅಕ್ಕಾ, ಇದೇನ್ ಮಾಡ್ತಿದೀರಿ?"

"ವಯಸ್ಸಾದವು ಅದಾವ್ರಿ ಸರ. ಉಪಾಸ ಕೆಡವಿದ್ರ ಪಾಪ ಬರ್ತದ. ಹರೇದವುಕ್ಕ ನಾ ಏನೂ ಹಾಕಿಲ್ರಿ."

ಸರ್ ಆ ನಾಲ್ಕೂ ಪುಟ ಹರಿದು ಹಾಕಿದರು. ಅಕ್ಕನಿಗೆ ಬೈಯುತ್ತಾರೆಂದು ನಾನು ಕಾದೆ. "ನಮ್ಮನೇಲಿ ನನ್ನನ್ನೇ ಯಾರೂ ಇಷ್ಟು ಚೆನ್ನಾಗಿ ನೋಡ್ಕೊಳಲ್ಲವಮ್ಮ" ಎಂದರು.

೨. ಮಾವನ ನೈಟಿ

ಹೆಂಡತಿಯ ಬಾಣಂತನ ಠಾಣೆಯ ಮಾವನ ಮನೆಯಲ್ಲಿ. ಎರಡು ತಿಂಗಳ ಮಗು, ತಾಯಿ ಬಿಟ್ಟು ಬೇರೆ ಯಾರು ಎತ್ತಿಕೊಂಡರೂ ರಂಪ. ಒಂದು ಭಾನುವಾರ ಹೆಂಡತಿ, ಅತ್ತೆ ಇಬ್ಬರೂ ಡಾಕ್ಟರ ಬಳಿ ಹೋದರು. ಮಗು ಅರ್ಧ ಗಂಟೆ ಕಿರುಚಿತು.

ನಾನು ವಿದ್ಯೆ ತೆಗೆದೆ. "ಮಾವ, ಮರಿಗಳು ತಾಯಿಯನ್ನ ಗುರುತಿಸೋದೇ ಮೂಗಿನಿಂದ. ಅವಳ ಒಗೆಯದ ನೈಟಿ ಹಾಕ್ಕೊಂಡು ಎತ್ಕೊಳಿ."

"ನೀನೇ ಹಾಕ್ಕೊ."

"ನನಗೆ ಬಿಗಿಯಾಗುತ್ತೆ, ಮಾವ."

ಮಾವ ನಿವೃತ್ತ ಬ್ಯಾಂಕ್ ಮ್ಯಾನೇಜರು, ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ಮೊಮ್ಮಗಳಿಗಾಗಿ ಹೂವಿನ ನೈಟಿ ತೊಟ್ಟರು. ಮಗು ಎರಡೇ ನಿಮಿಷಕ್ಕೆ ತೆಪ್ಪಗಾಯಿತು. ಅಷ್ಟರಲ್ಲಿ ಬೆಲ್ಲು. ನಾನು ತಡೆಯುವ ಮೊದಲೇ ಮಾವ ಬಾಗಿಲು ತೆರೆದರು. ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ಜೊತೆಗೆ ಇಬ್ಬರು. ಚೇರ್ಮನ್ ಚುನಾವಣೆಗೆ ನಿಲ್ಲುತ್ತೀರಾ ಎಂದು ಕೇಳಲು ಬಂದವರು ಬಾಯಿ ಬಿಟ್ಟುಕೊಂಡು ನಿಂತರು.

"ಮಗು ಮಲಗಿದೆ, ಮೆಲ್ಲಗೆ ಮಾತಾಡಿ" ಎಂದರು ಮಾವ, ಕೋಟು ತೊಟ್ಟಷ್ಟೇ ಗಂಭೀರವಾಗಿ.

ಮಾವ ಅವಿರೋಧವಾಗಿ ಆಯ್ಕೆಯಾದರು. ಇಷ್ಟು ಧೈರ್ಯದ ಮನುಷ್ಯನ ಎದುರು ನಿಲ್ಲಲು ಯಾರೂ ಮುಂದೆ ಬರಲಿಲ್ಲ.

೩. ನಾಲಾ ಅಲಾರಂ

ಸರ್ ಮನೆ ವಿಠ್ಠಲವಾಡಿಯಲ್ಲಿ. ಸಂಜೆ ಠಾಣೆಯಲ್ಲಿ ಅಂಬರನಾಥ ಲೋಕಲ್ ಹತ್ತಿ, ಡೊಂಬಿವಲಿಯಲ್ಲಿ ಸೀಟು ಸಿಕ್ಕ ಕೂಡಲೇ ನಿದ್ದೆ ಹೋಗುತ್ತಿದ್ದರು. ಕಲ್ಯಾಣ ದಾಟಿದ ಮೇಲೆ ಒಂದು ನಾಲಾ, ಅಂದರೆ ಕೊಳಚೆ ಕಾಲುವೆ. ಅದರ ಗಬ್ಬು ನಾತಕ್ಕೆ ಎಚ್ಚರವಾಗಿ, ಬ್ಯಾಗು ಹೆಗಲಿಗೇರಿಸಿ ವಿಠ್ಠಲವಾಡಿಯಲ್ಲಿ ಇಳಿಯುವುದು. ವರ್ಷಾನುಗಟ್ಟಲೆ ಒಂದು ದಿನವೂ ತಪ್ಪಿರಲಿಲ್ಲ.

ಆ ವಾರ ಮೂರು ದಿನ ಎಚ್ಚರವಾಗಲಿಲ್ಲ. ಕೊನೆಯ ಸ್ಟೇಷನ್ ಅಂಬರನಾಥದಲ್ಲಿ ಯಾರೋ ಅಲುಗಾಡಿಸಿ ಎಬ್ಬಿಸಿದರಂತೆ.

ಸರ್ ಕುಗ್ಗಿಹೋದರು. ಅವರ ಅಣ್ಣನಿಗೆ ಮೊದಲು ವಾಸನೆ ಹೋಗಿ, ಆಮೇಲೆ ಮಕ್ಕಳ ಹೆಸರೇ ಮರೆತುಹೋಗಿತ್ತು. "ನನಗೂ ಶುರುವಾಯ್ತು ಕಣಯ್ಯ. ಮನೇಲಿ ಹೇಳಬೇಡ."

ಕಣ್ಣು ಮುಚ್ಚಿಸಿ ಲವಂಗ ಮೂಸಿಸಿದೆ. ಸರಿಯಾಗಿ ಹೇಳಿದರು. ಸಮಾಧಾನವಾಗಲಿಲ್ಲ.

"ಇದು ಎಚ್ಚರದಲ್ಲಿ. ನಿದ್ದೇಲಿ ಮೆದುಳು ಏನ್ ಮಾಡ್ತಿದೆ ಅಂತ ನೋಡಬೇಕು. ಇವತ್ತು ಜೊತೆಗೆ ಬಾ. ಏನೇ ಆಗ್ಲಿ ಎಬ್ಬಿಸಬೇಡ, ಬರ್ಕೊ."

ಇಲಿಯ ಜಾಗದಲ್ಲಿ ಸರ್ ಕೂತರು, ನಾನು ಪುಸ್ತಕ ಹಿಡಿದು ಎದುರಿಗೆ ಕೂತೆ. ನನಗೋ ಭಾರೀ ನೆಗಡಿ. ಮೂಗಿನ ಪ್ರಯೋಗಕ್ಕೆ ಇದಕ್ಕಿಂತ ತಕ್ಕ ಸಾಕ್ಷಿ ಬೇಕೆ? ನಾಲಾ ಬಂತು, ಹೋಯಿತು. ಸರ್ ಗೊರಕೆ ಹೊಡೆಯುತ್ತಲೇ ಇದ್ದರು. "ಪ್ರತಿಕ್ರಿಯೆ ಇಲ್ಲ" ಎಂದು ಬರೆದೆ. ಅಷ್ಟು ಒಳ್ಳೆಯ ಮನುಷ್ಯ ನನ್ನ ಹೆಸರು ಮರೆಯುವ ದಿನವನ್ನು ನೆನೆದು ಅಳು ಬಂತು.

ಅಂಬರನಾಥದಲ್ಲಿ ಇಳಿದೆವು. ನಮ್ಮ ಬೋಗಿಯಿಂದ ಇನ್ನೂ ನಾಲ್ವರು ಕಣ್ಣುಜ್ಜಿಕೊಳ್ಳುತ್ತ ಇಳಿದು, ಕಲ್ಯಾಣದ ಕಡೆ ವಾಪಸು ಹೋಗುವ ಗಾಡಿಗೆ ನಿಂತರು. ಅವರಲ್ಲೊಬ್ಬರು ನಮ್ಮ ಕನ್ನಡ ಕೇಳಿಸಿಕೊಂಡು ಹತ್ತಿರ ಬಂದರು. ಉಡುಪಿ ಕಡೆಯವರು, ಹೋಟೆಲ್ ಮ್ಯಾನೇಜರು.

"ಎಂತ ಮಾರಾಯ್ರೆ, ನೀವೂ ವಿಠ್ಠಲವಾಡಿಯಾ? ನನಗೆ ನಾಲ್ಕು ದಿನದಿಂದ ಆ ನಾತ ಬರುವುದೇ ಇಲ್ಲ. ಹೆದರಿ ನಿನ್ನೆ ತಲೆ ಸ್ಕ್ಯಾನ್ ಮಾಡಿಸಿದೆ!"

ಇನ್ನೊಬ್ಬರು ಇದೇ ಹೆದರಿಕೆಗೆ ನಶ್ಯ ಬಿಟ್ಟಿದ್ದರು. ಉಳಿದಿಬ್ಬರು ಮೂಗು ಮುಟ್ಟಿ ನೋಡಿಕೊಂಡರು.

ಪಕ್ಕದಲ್ಲಿದ್ದ ವಡಾಪಾವ್‌ನವನು ಹೊಟ್ಟೆ ಹಿಡಿದು ನಕ್ಕ. "ಅರೇ ಸಾಬ್, ನಾಲಾ ಸಾಫ್ ಹೋ ಗಯಾ! ಪೂರಾ ಕೀಚಡ್ ನಿಕಾಲ್ ದಿಯಾ!"

ನಾಲಾದ ಕೆಸರನ್ನೆಲ್ಲ ಎತ್ತಿ ಶುಚಿ ಮಾಡಿದ್ದರಂತೆ! ಸರ್ ಬೆಂಚಿನ ಮೇಲೆ ಕೂತುಬಿಟ್ಟರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಮೂಗಿದೆ ಕಣಯ್ಯ, ನನ್ನ ಮೂಗಿದೆ!" ಎಂದು ನನ್ನ ಕೈ ಹಿಡಿದು ಅಲ್ಲಾಡಿಸಿದರು. ಎಲ್ಲರಿಗೂ ವಡಾಪಾವ್ ಕೊಡಿಸಿದರು.

ಅಲ್ಲಿದ್ದವರಲ್ಲಿ ಒಬ್ಬರು ಮೂಗನ್ನು ಅನುಮಾನಿಸಿದ್ದರು, ಒಬ್ಬರು ಮೆದುಳನ್ನು, ಒಬ್ಬರು ನಶ್ಯವನ್ನು. ಮುನ್ಸಿಪಾಲಿಟಿಯವರು ಕೆಲಸ ಮಾಡಿರಬಹುದು ಎಂಬ ಅನುಮಾನ ಮಾತ್ರ ಒಬ್ಬರಿಗೂ ಬಂದಿರಲಿಲ್ಲ.