ನಮ್ಮೆಜಮಾನರ ಪ್ರಬಂಧಗಳೂ ನನ್ನ ಎಡಮಂಡಿಯೂ

ಸಂಸಾರದಲ್ಲಿ ಯಾರಿಗೆ ಯಾವುದರ ಮೇಲೆ ಹೊಟ್ಟೆಕಿಚ್ಚು ಹುಟ್ಟುತ್ತದೆಂದು ಹೇಳುವುದು ಕಷ್ಟ. ಕೆಲವರಿಗೆ ಓರಗಿತ್ತಿಯ ಬಳೆಯ ಮೇಲೆ, ಕೆಲವರಿಗೆ ಪಕ್ಕದ ಮನೆಯ ತೋಟದ ಮೇಲೆ. ನನಗಿರುವುದು ಊರವರ ಮಂಡಿಗಳ ಮೇಲೆ. ನಮ್ಮೆಜಮಾನರು ಮೂಳೆ ಡಾಕ್ಟರು. ಆಸ್ಪತ್ರೆಯ ಕೆಲಸ ಸಾಲದೆಂದು ಸಂಶೋಧನೆಯನ್ನೂ ಮಾಡುತ್ತಾರೆ. ಫುಟ್‌ಬಾಲ್ ಆಡುವವರ ಮಂಡಿ ಯಾಕೆ ಕೆಡುತ್ತದೆ, ಕೆಟ್ಟದ್ದು ಹೇಗೆ ಸರಿಹೋಗುತ್ತದೆ ಎಂದು ವರ್ಷವಿಡೀ ಬರೆಯುತ್ತಾರೆ. ಲಂಡನ್ನಿನ ಅಂಚಿನ ಸಟನ್ನಿನಲ್ಲಿರುವ ನಮ್ಮ ಪುಟ್ಟ ಮನೆಯಲ್ಲಿ ಊಟದ ಮೇಜು ಅವರ ಪ್ರಬಂಧಗಳಿಗೆ ಮೀಸಲು. ನಾವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತೇವೆ. ಧಾರವಾಡದಿಂದ ಫೋನ್ ಮಾಡಿದಾಗಲೆಲ್ಲ ಅತ್ತೆ ಕೇಳುತ್ತಾರೆ: "ಮನಷ್ಯಾಗ ಇರೋದ ಎರಡ ಮೊಣಕಾಲು. ಅದರ ಮ್ಯಾಲೆ ಎಷ್ಟಂತ ಬರೀತಾನವಾ ಇಂವ?" ನಾನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದವಳೆಂಬ ಒಂದೇ ತಪ್ಪಿಗೆ ಆ ಪ್ರಬಂಧಗಳೆಲ್ಲ ಅಚ್ಚಿಗೆ ಹೋಗುವ ಮುಂಚೆ ನನ್ನ ಕಣ್ಣಿನ ಕೆಳಗೆ ಹಾದುಹೋಗಬೇಕು. ಕೆಲಸ, ಟ್ರೈನು, ಅಡುಗೆ ಎಲ್ಲ ಮುಗಿಸಿ ತೂಕಡಿಸುತ್ತಾ ಅಲ್ಲೊಂದು ಇಲ್ಲೊಂದು ಕಾಮಾ ಹಾಕಿ, "ಚೆನ್ನಾಗಿದೆ ರೀ" ಎಂದು ವಾಪಸು ಕೊಡುತ್ತೇನೆ.

ಈ ಚಳಿಗಾಲದಲ್ಲಿ ನನ್ನ ಎಡಮಂಡಿ ಮುಷ್ಕರ ಹೂಡಿತು. ಸ್ಟೇಷನ್ನಿನಲ್ಲಿ ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತಿತ್ತು. ಮಂಡಿಯ ಪಂಡಿತರೇ ಮನೆಯಲ್ಲಿರುವಾಗ ಚಿಂತೆ ಯಾಕೆಂದು ಹೇಳಿಕೊಂಡೆ. "ರೀ, ಮೆಟ್ಲು ಹತ್ತಕ್ಕೇ ಆಗ್ತಿಲ್ಲ, ಒಂದ್ಸಲ ನೋಡ್ಬಾರ್ದಾ?" ಅವರು ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಮನೀ ಮಂದೀನ್ನ ನಾವ ನೋಡೋದು ಇಲ್ಲಿ ಪದ್ಧತಿ ಅಲ್ಲ. ನಮ್ಮ ಏರಿಯಾದ ಡಾಕ್ಟರ್, ಜಿಪಿ ಕಡೆ ಹೋಗು. ಅಲ್ದ ನನ್ನ ಕೆಲಸ ಎಲ್ಲಾ ಆಟಗಾರರ ಮ್ಯಾಲೆ," ಎಂದರು. ಮದುವೆಯಾದಾಗಿನಿಂದ ನಾನು ಈ ಮನೆಯಲ್ಲಿ ಮೇಲೆ ಕೆಳಗೆ ಓಡಾಡಿದ್ದು ಆಟದ ಲೆಕ್ಕಕ್ಕೆ ಬರುವುದಿಲ್ಲವಂತೆ.

ಅದೇ ಭಾನುವಾರ ಟೂಟಿಂಗ್‌ಗೆ ದೋಸೆ ತಿನ್ನಲು ಹೋದೆವು. ಹೋಟೆಲಿನ ಯಜಮಾನರು ಕುಂದಾಪುರದವರು, ನಮಗೆ ಹಳೆಯ ಪರಿಚಯ. ದೋಸೆ ಬರುವುದಕ್ಕೂ ಅವರು ಪ್ಯಾಂಟು ಮಡಚಿಕೊಂಡು ಬರುವುದಕ್ಕೂ ಸರಿಹೋಯಿತು. "ಡಾಕ್ಟ್ರೇ, ಈ ಕಾಲ್ ಒಂಚೂರ್ ಕಾಣಿ ಮಾರಾಯ್ರೆ." ನಮ್ಮವರು ದೋಸೆ ಬಿಟ್ಟು ಎದ್ದರು. ಮೇಜುಗಳ ನಡುವೆ ನೆಲಕ್ಕೆ ಕೂತು, ಆ ಕಾಲನ್ನು ಬಗ್ಗಿಸಿ, ಚಾಚಿಸಿ, ಒತ್ತಿ, ಕೂಸನ್ನು ವಿಚಾರಿಸುವಂತೆ ವಿಚಾರಿಸಿದರು. ಹೋಟೆಲಿನವರೇನು ಆಟಗಾರರೇ? ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಅವರ ದೋಸೆಯನ್ನೂ ನಾನೇ ತಿಂದೆ.

ಕಾದು ಕಾದು ಸುಸ್ತಾದ ಮೇಲೆ ಕೊನೆಗೆ ಜಿಪಿ ಸಿಕ್ಕಳು. ಚುರುಕಾದ ಹುಡುಗಿ. ಮಂಡಿ ಮುಟ್ಟಿ ನೋಡಿ, ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯ ಮೇಲೆ ಕೂತಂತೆ ನಿಲ್ಲುವ ವ್ಯಾಯಾಮ ಕಲಿಸಿದಳು. "ಇದರ ಮೇಲೆ ಒಂದು ಒಳ್ಳೆಯ ಪ್ರಬಂಧ ಓದಿದೆ. ಆಟಗಾರರಿಗೆಂದು ಬರೆದದ್ದು, ಆದರೆ ನಮ್ಮಂಥವರಿಗೂ ಆಗುತ್ತದೆ," ಎಂದು ಕಂಪ್ಯೂಟರ್ ನೋಡಿದವಳು, ನನ್ನ ಹೆಸರನ್ನೂ ನೋಡಿ, "ಇದನ್ನು ಬರೆದವರು ನಿಮಗೆ ಸಂಬಂಧವೇ?" ಎಂದು ಕೇಳಿದಳು. "ಸ್ವಲ್ಪ ಪರಿಚಯ," ಎಂದೆ.

ಸಂಜೆ ಇದನ್ನು ಚುಚ್ಚಬೇಕೆಂದೇ ಹೇಳಿದೆ. ಅವರು ಚುಚ್ಚಿಸಿಕೊಳ್ಳಲಿಲ್ಲ. ಲ್ಯಾಪ್‌ಟಾಪು ಮುಚ್ಚಿದರು. "ಓದ್ಯಾಳ? ಖರೇನ? ಪೂರ್ತಿ ಓದ್ಯಾಳೇನ?" ಎಂದು ಮತ್ತೆ ಮತ್ತೆ ಕೇಳಿದರು. ಆಮೇಲೆ ಮೆಲ್ಲಗೆ, "ಬರದದ್ದೆಲ್ಲಾ ಬಾವ್ಯಾಗ ಹಾಕಿಧಂಗ ಅನ್ನಸ್ತಿತ್ತು ನೋಡು. ಯಾರರ ಓದ್ತಾರೋ ಇಲ್ಲೋ ಅಂತ," ಎಂದರು. ಕಣ್ಣಿನ ಕೆಳಗೆ ಕಪ್ಪು, ಮೈಯಲ್ಲಿ ಇನ್ನೂ ಆಸ್ಪತ್ರೆಯ ಅಂಗಿ. ನನ್ನಷ್ಟೇ ದಣಿದ ಇನ್ನೊಬ್ಬರು ಈ ಮನೆಯಲ್ಲಿರುವುದು ನನಗೆ ಆವತ್ತೇ ಕಂಡದ್ದು. ಪಾಪ ಅನ್ನಿಸಿತು.

ನನ್ನನ್ನು ಹಜಾರದ ಗೋಡೆಗೆ ಒರಗಿಸಿ, ಟೂಟಿಂಗ್‌ನಲ್ಲಿ ಕೂತಂತೆಯೇ ನೆಲಕ್ಕೆ ಕೂತು ನನ್ನ ಮಂಡಿ ಹಿಡಿದರು. "ಇನ್ನ ಸ್ವಲ್ಪ ಕೆಳಗ ಬಾ. ಇಲ್ಲಿ ನೋಯ್ತದೇನು?" ಇಷ್ಟು ದಿನ ಬಯಸಿದ ಭಾಗ್ಯ, ತೊಡೆ ನಡುಗುತ್ತಿದ್ದರೂ ಸುಖವಾಗಿತ್ತು. ಆಗ ತಲೆಯೆತ್ತಿ ಕೇಳಿದರು: "ಅಲ್ಲಾ, ಈ ಪೇಪರ್ ಹ್ವಾದ ವರ್ಷ ನೀನ ತಿದ್ದಿ ಕೊಟ್ಟಿದ್ದಿ ಅಲ್ಲಾ? ಈ ವ್ಯಾಯಾಮ ಅದರಾಗ ಪೂರ್ತಿ ಬರದೀನಿ. ಓದಿದ ಮ್ಯಾಲೂ ಯಾಕ ಮಾಡ್ಲಿಲ್ಲ ನೀನು?"

ಅವರ ಮುಖದಲ್ಲಿ ಎರಡನೆಯ ಓದುಗಿ ಸಿಕ್ಕಳೆಂಬ ಆಸೆ ಹೊಳೆಯುತ್ತಿತ್ತು.

"ಅಯ್ಯಯ್ಯೋ, ನೋವು ರೀ!" ಎಂದು ಚೀರಿ ಮಂಡಿ ಹಿಡಿದುಕೊಂಡು ಕೂತುಬಿಟ್ಟೆ. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅದು ಒಂದಿಷ್ಟೂ ನೋಯುತ್ತಿರಲಿಲ್ಲ.