ಮಾಸ್ತರ ಮನಿ, ಎರಡನೇ ಕ್ರಾಸು

ಎಂಟು ದಿನಕ್ಕೊಮ್ಮೆ ಬರುವ ನಳ ಆ ಭಾನುವಾರ ಬೆಳಿಗ್ಗೆಯೇ ಬಂದಿತ್ತು. ಶಾಲಾ ಮಾಸ್ತರ ಮಡಿವಾಳೆಪ್ಪ ಲುಂಗಿ ಎತ್ತಿ ಕಟ್ಟಿ, ಬ್ಯಾರಲ್ಲಿಗೆ ಪೈಪು ಹಿಡಿದು ನಿಂತಿದ್ದ. ಮಾಳಿಗೆಯ ಮೇಲಿಂದ ಹೆಂಡತಿ ಸುಂದರವ್ವ ಕೂಗಿದಳು.

“ರೀ, ಬೀಗರ ಗಾಡಿ ಬಂತು. ಆದ್ರ ಗ್ವಾಡಿ ಆಚೀಕಡೆ ನಿಂತೈತಿ ನೋಡ್ರಿ.”

ಮಡಿವಾಳೆಪ್ಪ ಪೈಪು ಬಿಟ್ಟ. ಅದು ಬಾಲ ತುಳಿದ ಹಾವಿನಂತೆ ಎದ್ದು, ಎದುರುಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಬಾಯವ್ವನಿಗೆ ತಲೆತುಂಬ ಎರೆಯಿತು. ಅವಳ ಬೈಗುಳು ಕೇಳಿಸಿಕೊಳ್ಳಲು ಅವನಿಗೆ ಪುರಸೊತ್ತಿರಲಿಲ್ಲ. ತಂಗಿ ಉಮಾಶ್ರೀಯನ್ನು ನೋಡಲು ಎಂ.ಕೆ. ಹುಬ್ಬಳ್ಳಿಯಿಂದ ಬರುತ್ತಿದ್ದ ಜನ ಅವರು. ಈ ಮೊದಲು ಬಂದ ಮೂರು ಮನೆತನದವರು ಅವಲಕ್ಕಿ ತಿಂದು ‘ತಿಳಸ್ತೇವ್ರಿ’ ಎಂದು ಹೋದವರು ಇನ್ನೂ ತಿಳಿಸುತ್ತಲೇ ಇದ್ದರು. ಈ ಹುಡುಗ ಹೈಸ್ಕೂಲಿನಲ್ಲಿ ನೌಕರಿ ಮಾಡುವವನು, ಮೇಲೆ ನಾಲ್ಕೆಕರೆ ಕಬ್ಬು. ಆದರೆ ಮಧ್ಯಾಹ್ನ ಕಬ್ಬು ಕಡಿಯುವ ಗ್ಯಾಂಗು ಬರುವುದಿತ್ತು. ಅಷ್ಟರೊಳಗೆ ನೋಡಿ ಹೊರಡುತ್ತೇವೆಂದು ಹುಡುಗನ ಕಾಕಾ ಮೊದಲೇ ಹೇಳಿದ್ದ.

ಬೈಲಹೊಂಗಲದ ಹೊರಗೆ ಇದ್ದ ಈ ಎರಡು ಹತ್ತಿ ಹೊಲ ಪ್ಲಾಟುಗಳಾಗಿ ನಾಲ್ಕು ವರ್ಷವಾಗಿತ್ತು. ಹೊಲದ ಮಾಲೀಕರು ಅಣ್ಣತಮ್ಮಂದಿರು. ಹೊಲ ಮಾರಿ ಹೋದರೂ ಬದುವಿನ ಜಗಳ ಮಾರಿ ಹೋಗಿರಲಿಲ್ಲ. ಅಣ್ಣ ತನ್ನ ರಸ್ತೆಗಳನ್ನು ಮೂಡಲಕ್ಕೆ ತೆಗೆದ, ತಮ್ಮ ಪಡುವಲಕ್ಕೆ. ಬದುವಿನ ಮೇಲೆ ಆಳೆತ್ತರದ ಗೋಡೆ ಎದ್ದಿತು. ಇಬ್ಬರೂ ಬಸವನಗರ ಎಂದೇ ಹೆಸರಿಟ್ಟರು. ಬಿಟ್ಟುಕೊಡಲು ಇಬ್ಬರೂ ತಯಾರಿರಲಿಲ್ಲ. ಹೀಗಾಗಿ ಗೋಡೆಯ ಈಚೆಗೊಂದು ಎರಡನೇ ಕ್ರಾಸು, ಆಚೆಗೊಂದು ಎರಡನೇ ಕ್ರಾಸು. ಆಚೆಯ ಮನೆಯ ಒಗ್ಗರಣೆಗೆ ಈಚೆಯವರು ಸೀನಬೇಕು, ಅಷ್ಟು ಹತ್ತಿರ. ಹೋಗಬೇಕೆಂದರೆ ಬಸ್‌ಸ್ಟ್ಯಾಂಡ್ ಸುತ್ತಿ ಎರಡು ಮೈಲಿ.

ಮಡಿವಾಳೆಪ್ಪ ಎಸ್‌ಟಿಡಿ ಬೂತಿನಿಂದ ವಿಳಾಸ ಹೇಳುವಾಗ ಫೋನು ಗೊರಗೊರ ಎನ್ನುತ್ತಿತ್ತು. “ಬಸವನಗರ, ಎರಡನೇ ಕ್ರಾಸು, ಕಡೀ ಮನಿ. ಮಾಸ್ತರ ಮನಿ ಅಂದ್ರ ಸಣ್ಣ ಹುಡುಗೂರೂ ತೋರಸ್ತಾವು” ಎಂದು ಒದರಿದ್ದ. ಹುಡುಗರು ತೋರಿಸಿದ್ದೂ ಖರೆ. ಗೋಡೆಯ ಆಚೆ ಕಡೆಯ ಕೊನೆಯ ಮನೆ ನಿಜಗುಣಪ್ಪನದು. ಅವನೂ ಮಾಸ್ತರನೇ, ಪೋಸ್ಟ್‌ಮಾಸ್ತರ. ಊರ ಮಂದಿಯ ಪತ್ರಗಳನ್ನೆಲ್ಲ ಸರಿಯಾದ ವಿಳಾಸಕ್ಕೆ ಮುಟ್ಟಿಸುವ ಮನುಷ್ಯ.

ಮಡಿವಾಳೆಪ್ಪ ಮಾಳಿಗೆ ಹತ್ತಿ ಎರಡೂ ಕೈ ಬೀಸಿ ಕೂಗಿದ. ಗಾಡಿಯಿಂದಿಳಿದ ಕಾಕಾ ಒದ್ದೆ ಲುಂಗಿಯ ಮನುಷ್ಯನನ್ನು ಕಂಡು, ಯಾರೋ ಮಂಗ ಓಡಿಸುತ್ತಿದ್ದಾರೆಂದು ತಿಳಿದು, ತಾನೂ ಒಮ್ಮೆ ಕೈ ಬೀಸಿ ಒಳಗೆ ಹೋದ.

ಇನ್ನು ಸುತ್ತಿಯೇ ಹೋಗಬೇಕು. ಅಂಗಿ ಪ್ಯಾಂಟು ಸಿಕ್ಕಿಸಿಕೊಂಡು ಲೂನಾ ಏರಿದ. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಕಬ್ಬಿನ ಟ್ರಾಲಿ ಅಡ್ಡ ಬಿದ್ದು ರಸ್ತೆಯ ತುಂಬ ಕಬ್ಬು ಚೆಲ್ಲಿತ್ತು. ಆಚೆಗೊಂದು ಬಸ್ಸು, ಈಚೆಗೊಂದು ಬಸ್ಸು, ನಡುವೆ ಕಬ್ಬು ಸಿಗಿಯುತ್ತಾ ನಿಂತ ಅರ್ಧ ಊರು. ಎಲ್ಲಿಗೆ ಹೊಂಟ್ರಿ ಮಾಸ್ತರ್ರ ಎಂದು ಕೇಳಿದವರಿಗೆಲ್ಲ ಕತೆ ಹೇಳಬೇಕಾಯಿತು. ಕೇಳಿದವರೆಲ್ಲ ಮರುಕಪಟ್ಟರು. ಆದರೆ ಟ್ರಾಲಿ ಎತ್ತಲು ಯಾರೂ ಬಾಯಿಂದ ಕಬ್ಬು ತೆಗೆಯಲಿಲ್ಲ. ಲೂನಾ ನೂಕುತ್ತಾ ಮನೆಗೆ ಮರಳಿದಾಗ ಹತ್ತೂವರೆ.

ಸುಂದರವ್ವ ಮಾಳಿಗೆ ಬಿಟ್ಟು ಇಳಿದಿರಲಿಲ್ಲ. ಮ್ಯಾಚಿನ ವರದಿ ಹೇಳುವವರಂತೆ ಹೇಳಿದಳು: “ಅಂಗಳದಾಗ ಜಮಖಾನಿ ಹಾಸ್ಯಾರ. ಅವಲಕ್ಕಿ ಆತು, ಈಗ ಚಾ ನಡದೈತಿ. ಪಾಪ, ಅವರ ಹುಡುಗಿ ನೀಲಗಂಗಾನ ಓಡ್ಯಾಡಿ ಕೊಡಾಕತ್ತಾಳ. ಭಾಳ ಚಲೋ ಹುಡುಗಿ ಬಿಡ್ರಿ.”

ಮಡಿವಾಳೆಪ್ಪನ ಕಣ್ಣು ತುಂಬಿದವು. ತನ್ನ ಬೀಗರನ್ನು ಇಷ್ಟು ಹೊತ್ತು ಹಿಡಿದಿಟ್ಟಿದ್ದಾನಲ್ಲ, ನಿಜಗುಣಪ್ಪ ದೇವರಂಥವನು ಎಂದ. ಬಂದವರ ಬಾಯಿಗೆ ಏನಾದರೂ ಬೀಳುವ ತನಕ ‘ಯಾಕ ಬಂದ್ರಿ’ ಎಂದು ಕೇಳುವುದು ಈ ಸೀಮೆಯಲ್ಲಿ ಮರ್ಯಾದಸ್ತರ ಲಕ್ಷಣವಲ್ಲ.

ತಿನ್ನುತ್ತಾ ಕೂತ ಬೀಗರನ್ನು ಮಾಳಿಗೆಯಿಂದ ಒದರಿ ಎಬ್ಬಿಸುವುದೂ ಮರ್ಯಾದೆಯಲ್ಲ. ಈಗ ಉಳಿದದ್ದು ಗೋಡೆ ಹಾರುವುದೊಂದೇ. ಅವನು ಕುರ್ಚಿ ತಂದು ಒಂದು ಕಾಲು ಎತ್ತುವುದರೊಳಗೆ ಬಾಯವ್ವ ಒದ್ದೆ ಕೂದಲನ್ನು ಹಿಂಡುತ್ತಾ ಬಂದಳು.

“ಹೆಣ್ಣು ಕೊಡಾವ ಗ್ವಾಡಿ ಜಿಗದು ಬಂದಾ ಅಂದ್ರ ಏನಂತಾರೋ? ಕಳ್ಳರ ಮನೆತನ ಅಂತಾರ. ಬೀಗರ್ನ ಬಾಗಲದಿಂದ ಕರೀಬೇಕು.”

“ಇಲ್ಲಿ ಬಾಗಲ ಎಲ್ಲೈತಿ ಅತ್ತಿ?”

“ಇಲ್ಲಂದ್ರ ಮಾಡಬೇಕು.”

ಆ ಮಾತು ಕ್ರಾಸಿನ ತುಂಬ ಬೆಂಕಿಯಂತೆ ಹಬ್ಬಿತು. ನಾಲ್ಕು ವರ್ಷದಿಂದ ಎಲ್ಲರ ಕಣ್ಣೂ ಆ ಗೋಡೆಯ ಮೇಲಿತ್ತು, ಕೈ ಹಚ್ಚುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಈಗ ಒಂದು ಹೆಣ್ಣಿನ ಬಾಳ್ವೆಯ ಪ್ರಶ್ನೆ. ಹೆಂಗಸರು ಬುಟ್ಟಿ ತಂದರು, ಗಂಡಸರು ಸಲಿಕೆ ತಂದರು. ಗೌಂಡಿ ಶಟ್ಟೆಪ್ಪ ಕಬ್ಬಿಣದ ಹಾರೆ ಹೊತ್ತುಕೊಂಡು ಬಂದು ಗೋಡೆಯನ್ನು ಪ್ರೀತಿಯಿಂದ ತಡವಿದ.

“ಕಟ್ಟಿದಾಂವ ನಾನ. ಸಿಮೆಂಟ್ ಎಲ್ಲಿ ಕಡಿಮಿ ಹಾಕೇನಿ ಅನ್ನೂದು ನನಗಷ್ಟ ಗೊತ್ತು.”

ಮೂರೇ ಏಟು. ಗೋಡೆ ಕೆಮ್ಮಿತು, ಕಲ್ಲು ಉರುಳಿದವು, ಬಾಗಿಲಿನಷ್ಟಗಲದ ಕಿಂಡಿ ಬಿತ್ತು. ಕ್ರಾಸೆಲ್ಲ ಹೋ ಎಂದಿತು. ಉಮಾಶ್ರೀ ಹಸಿರು ಸೀರೆಯುಟ್ಟು ಮನೆಯ ಬಾಗಿಲಲ್ಲಿ ಬಂದು ನಿಂತಳು. ಮಡಿವಾಳೆಪ್ಪ ಮೈಮೇಲಿನ ಧೂಳು ಝಾಡಿಸಿ, ಕೈ ಜೋಡಿಸಿ, ಬರ್ರಿ ಬರ್ರಿ ಎನ್ನಲು ಬಾಯಿ ತೆರೆದ.

ಧೂಳಿನೊಳಗಿಂದ ಮೊದಲು ಬಂದದ್ದು ಒಂದು ಕೈ. ಅದು ತೆರೆದಿದ್ದ ಅವನ ಬಾಯಿಗೆ ನೇರವಾಗಿ ಒಂದು ಮುಷ್ಟಿ ಸಕ್ಕರೆ ಹಾಕಿತು.

“ಬಾಯಿ ಸಿಹಿ ಮಾಡ್ಕೋರಿ ಮಾಸ್ತರ್ರ,” ಎಂದ ನಿಜಗುಣಪ್ಪ, ಮುಖವೆಲ್ಲ ನಗೆಯಾಗಿ. “ಯಾರು ಕಳಿಸಿದ್ರೋ ಏನೋ, ತಾವಾಗೇ ಮನಿ ಹುಡಿಕ್ಕೊಂಡು ಬಂದ್ರು. ನಮ್ಮ ನೀಲಗಂಗಾನ್ನ ನೋಡಿದ್ರು, ಒಪ್ಪಿದ್ರು, ಮದಿವಿ ಮಾತು ಗಟ್ಟಿ ಆತಂತ ಸಕ್ಕರಿನೂ ಹಂಚಿಬಿಟ್ವಿ. ನೀವು ಗ್ವಾಡಿ ಒಡದು ಬರೂವಷ್ಟು ಸಂತೋಷ ಪಟ್ಟೀರಿ ನೋಡ್ರಿ, ಮಂದಿ ಅಂದ್ರ ಹಿಂಗಿರಬೇಕು.”

ಅವನ ಬೆನ್ನಿಗೆ ನಿಂತಿದ್ದ ಕಾಕಾ, ಇವರು ಯಾರೆಂದು ಕೇಳಿದ. ಇವರೂ ಮಾಸ್ತರೇ, ಸಾಲಿ ಮಾಸ್ತರು ಎಂದ ನಿಜಗುಣಪ್ಪ. ಕಾಕಾ ಹಸಿರು ಸೀರೆ ನೋಡಿದ, ಬಾಗಿಲ ಮುಂದಿನ ರಂಗೋಲಿ ನೋಡಿದ. ಅವನ ಮುಖ ಸಿಪ್ಪೆ ಸುಲಿದ ಬಾಳೆಹಣ್ಣಿನಂತಾಯಿತು. ಆದರೆ ಸಕ್ಕರೆ ಹೊಟ್ಟೆಗೆ ಹೋಗಿತ್ತು, ಮಾತು ಹೊರಗೆ ಬಂದಿತ್ತು. ಗ್ಯಾಂಗು ಬರುವ ಹೊತ್ತಾತು ಎಂದವನೇ ಗಾಡಿಯ ಕಡೆಗೆ ನಡೆದ.

ಅಷ್ಟರಲ್ಲಿ ಕಿಂಡಿ ರಸ್ತೆಯಾಗಿತ್ತು. ಹಾಲಿನವನು ಸೈಕಲ್ ನೂಕಿಕೊಂಡು ದಾಟಿದ, ಆಡಿನ ಹಿಂಡೊಂದು ದಾಟಿತು, ಮಡಿವಾಳೆಪ್ಪ ಗೋಡೆಗುಂಟ ಹಚ್ಚಿದ್ದ ಮೆಣಸಿನ ಗಿಡಗಳು ಇಬ್ಬದಿಯ ಜನರ ಕಾಲಡಿಗಾದವು. ಅವನು ಮಾತ್ರ ಬಾಯಿ ತುಂಬ ಸಕ್ಕರೆ ಇಟ್ಟುಕೊಂಡು, ನುಂಗಲಾರದೆ ಉಗುಳಲಾರದೆ ನಿಂತಿದ್ದ.

ಉಮಾಶ್ರೀ ಬಂದು ನಿಜಗುಣಪ್ಪನ ತಟ್ಟೆಯಿಂದ ತಾನೇ ಒಂದು ಚಿಟಿಕೆ ಸಕ್ಕರೆ ತೆಗೆದು ಬಾಯಿಗೆ ಹಾಕಿಕೊಂಡಳು. “ಸಕ್ಕರಿ ಏನ ತಪ್ಪ ಮಾಡೇತಿ ತೊಗೋ ಅಣ್ಣಾ, ನುಂಗು” ಎಂದು ನಕ್ಕಳು. ಬಾಯವ್ವ ಆಕಾಶ ನೋಡಿದಳು. ಶಟ್ಟೆಪ್ಪ ಹಾರೆಯ ಮೊನೆ ನೋಡಿದ. ಎಲ್ಲರ ನಾಲಿಗೆಯ ತುದಿಗೂ ಒಂದೇ ಮಾತು ಬಂದು ನಿಂತಿತ್ತು.

ಮಡಿವಾಳೆಪ್ಪನ ಆರು ವರ್ಷದ ಮಗಳು ಮೀನಾ ಅಪ್ಪನ ಪ್ಯಾಂಟು ಜಗ್ಗಿದಳು.

“ಅಪ್ಪಾ, ನಾವು ಗ್ವಾಡಿ ಒಡದದ್ದು ಯಾರ ಮದಿವಿಗೆ?”